ಹುಲಿಯನ್ನು ಅರ್ಧ ಮಾಡಲು ಒಪ್ಪದ ಅಕ್ಕ

ನನಗೆ ಮೊದಲು ಕೇಳಿಸಿದ್ದು ಅಕ್ಕನ ನಗು. ಅಕ್ಕ ಕಂಡದ್ದು ಆಮೇಲೆ. ಜೀವನ್ ಬಿಮಾ ನಗರದ ಒಂದು ಮನೆಯ ಮಹಡಿಯ ಮೇಲೆ ನಮ್ಮ ಆಫೀಸು. ಸಂದರ್ಶನಕ್ಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಯಾರೋ ಸ್ಟೀಲ್ ಪಾತ್ರೆಗಳನ್ನೆಲ್ಲ ಒಟ್ಟಿಗೆ ಉರುಳಿಸಿದಂಥ ಸದ್ದಾಯಿತು. ಬೆಚ್ಚಿ ನಿಂತುಬಿಟ್ಟೆ. ಕೆಳಮನೆಯ ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, "ಹೆದರ್ಕೋಬೇಡಪ್ಪ, ಆಯಮ್ಮ ನಗೋದೇ ಹಂಗೆ" ಅಂದರು.

ಆಫೀಸಿನವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ಕಳೆದ ತಿಂಗಳು ಕೆಲಸದಿಂದ ನಿವೃತ್ತರಾದರು. ಮಾರನೆಯ ದಿನ ಅದೇ ಅಜ್ಜಿ ಮಂಡಿ ಹಿಡಿದುಕೊಂಡು ಮೇಲೆ ಬಂದು, "ಇವತ್ತು ನಿಮಗೆಲ್ಲ ರಜಾನಾ?" ಅಂತ ಕೇಳಿದರು. ನಾವು ಏಳು ಜನವೂ ಒಳಗೆ ಕೂತು ಕೆಲಸ ಮಾಡುತ್ತಿದ್ದೆವು.

ನಮ್ಮದು ಸಣ್ಣ ಕಂಪನಿ. ಅಂಗಡಿ, ಕ್ಲಿನಿಕ್, ಗೋದಾಮು ಇಟ್ಟುಕೊಂಡವರು ಬಂದು ತಮ್ಮ ವ್ಯವಹಾರಕ್ಕೆ ಹೊಂದುವಂಥ ಡೇಟಾಬೇಸ್ ಬೇಕು ಅನ್ನುತ್ತಾರೆ. ನಾವು ಕಟ್ಟಿಕೊಡುತ್ತೇವೆ. ಆದರೆ ಕಟ್ಟುವ ಮೊದಲು ಅವರಿಗೆ ನಿಜವಾಗಿ ಏನು ಬೇಕು, ಎಲ್ಲಿಂದ ಶುರು ಮಾಡಿ ಎಲ್ಲಿಗೆ ನಿಲ್ಲಿಸಬೇಕು ಎಂದು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಸ್ಕೋಪಿಂಗ್ ಅನ್ನುತ್ತೇವೆ. ಅಕ್ಕನದು ಆ ಕೆಲಸ. ಹಲಸೂರಿನವರು. ಮನೆಯಲ್ಲಿ ಅಮ್ಮನ ಜೊತೆ ತಮಿಳು, ಗಂಡನ ಜೊತೆ ಕನ್ನಡ, ಆಟೋದವರ ಜೊತೆ ದಖನಿ ಉರ್ದು, ಕಂಪ್ಯೂಟರಿನ ಜೊತೆ ಮಾತ್ರ ಯಾವ ಭಾಷೆಯೂ ಇಲ್ಲ. ಕೋಡ್ ಬರೆಯುವುದು ಅವರಿಗೆ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. "ಅಡುಗೆಯೋರು ಬೇರೆ, ಊಟ ಎಷ್ಟು ಜನಕ್ಕೆ ಅಂತ ಕೇಳ್ಕೊಂಡು ಬರೋರು ಬೇರೆ. ನಾನು ಕೇಳ್ಕೊಂಡು ಬರೋಳು" ಅನ್ನುತ್ತಿದ್ದರು. ನಮ್ಮಲ್ಲಿಗೆ ಬರುವ ಮೊದಲು ಒಂದು ಮದುವೆ ಛತ್ರದ ಬುಕಿಂಗ್ ಕೌಂಟರಿನಲ್ಲಿದ್ದವರು. ಒಂದೇ ಮುಹೂರ್ತಕ್ಕೆ ಎರಡು ಕಡೆಯವರು ತಾವೇ ಮೊದಲು ಬುಕ್ ಮಾಡಿದ್ದು ಎಂದು ಬಂದು ನಿಂತರೆ ಏನಾಗುತ್ತದೆಂದು ಕಣ್ಣಾರೆ ಕಂಡವರು. ಹಾಗಾಗಿ ಕ್ಲೈಂಟು "ತುಂಬಾ ಸಿಂಪಲ್ಲು" ಅಂದರೆ ಅಕ್ಕನ ಕಣ್ಣು ಹೊಳೆಯುತ್ತಿತ್ತು. "ಅಷ್ಟೇನೆ" ಅಂದರೆ ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಕೂರುತ್ತಿದ್ದರು.

ಲಿಂಗರಾಜಪುರದಲ್ಲಿ ಊರಿಗೆ ಹೋಗುವವರ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಬ್ಬರಿದ್ದರು. "ಒಂದು ನಾಯಿ, ಒಬ್ಬ ಓನರು. ತುಂಬಾ ಸಿಂಪಲ್ಲು" ಅಂದರು. ಅಕ್ಕ ಕೇಳಿದರು: "ಗಂಡ ಹೆಂಡ್ತಿ ಬೇರೆ ಬೇರೆ ಆದ್ರೆ ನಾಯಿ ಯಾರ್ದು?" ಆ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು, "ನಿಮಗೆ ಯಾರು ಹೇಳಿದ್ರು?" ಅಂದರು. ಹಿಂದಿನ ವಾರವಷ್ಟೇ ಗಂಡ ಮುಂಬಾಗಿಲಿಂದ, ಹೆಂಡತಿ ಹಿಂಬಾಗಿಲಿಂದ ಒಂದೇ ಲ್ಯಾಬ್ರಡಾರಿಗೆಂದು ಬಂದಿದ್ದರಂತೆ. ನಾಯಿ ಇಬ್ಬರ ಕಡೆಗೂ ಹೋಗದೆ ಇವರ ಮೇಜಿನ ಕೆಳಗೆ ನುಗ್ಗಿ ಕೂತಿತಂತೆ. "ಈಗ ಎಲ್ಲಿದೆ?" ಎಂದರು ಅಕ್ಕ. "ಇನ್ನೂ ಅಲ್ಲೇ ಇದೆ ಮೇಡಂ." ಅಕ್ಕ ನಕ್ಕ ರಭಸಕ್ಕೆ ಅಲ್ಲಿದ್ದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಆ ನಗು ನಮ್ಮನ್ನು ಮುಳುಗಿಸಿದ್ದೂ ಉಂಟು. ಇಂದಿರಾನಗರದಲ್ಲಿ ಮೌನ ಶಿಬಿರ ನಡೆಸುವ ಸಂಸ್ಥೆಯೊಂದು ದೊಡ್ಡ ಕೆಲಸ ಕೊಡುವುದಿತ್ತು. ಅವರ ಎಲ್ಲ ಸಭೆಗಳೂ ಐದು ನಿಮಿಷದ ಮೌನದಿಂದ ಶುರುವಾಗುತ್ತಿದ್ದವು. ಅಕ್ಕ ಹೋಗಿ ಕಣ್ಣು ಮುಚ್ಚಿ ಕೂತರು. ಅರ್ಧಕ್ಕೇ ನಗು ಸಿಡಿಯಿತು. ಕೆಲಸ ಕೈತಪ್ಪಿತು. ನಮ್ಮ ಬಾಸು ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರು, ಸದಾ ಗಾಬರಿಯಲ್ಲಿರುವವರು. "ಐದೇ ನಿಮಿಷ ಅಕ್ಕ! ಐದು ನಿಮಿಷ ಆಗ್ಲಿಲ್ವಾ?" ಎಂದು ತಲೆ ಚಚ್ಚಿಕೊಂಡರು.

"ಇದ್ದೆ ಕಣೋ, ತಡ್ಕೊಂಡೇ ಇದ್ದೆ. ಆ ಗುರುಗಳ ಹೊಟ್ಟೆ ಕುಯ್ಯ್ ಅಂತು. ನಾನೇನ್ ಮಾಡ್ಲಿ?"

ಆ ವರ್ಷ ನಮಗೆ ಬೇರೆ ದೊಡ್ಡ ಕೆಲಸ ಸಿಗಲಿಲ್ಲ. ಇಬ್ಬರು ಬಿಟ್ಟುಹೋದರು. ಇನ್ನೊಂದು ಕ್ಲೈಂಟ್ ತಪ್ಪಿದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಬಾಸು ನಮ್ಮೆಲ್ಲರ ಮುಂದೆಯೇ ಹೇಳಿದರು. ಶಿವಾಜಿನಗರದ ಭಾಯಿ ನಮ್ಮ ಮೆಟ್ಟಿಲು ಹತ್ತಿದ್ದು ಅಂಥ ಹೊತ್ತಿನಲ್ಲಿ.

ಅವರದು ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ. ಶಾಲೆಗಳ ವಾರ್ಷಿಕೋತ್ಸವಕ್ಕೆ ರಾಜ, ರಾಣಿ, ದೇವರು, ರಾಕ್ಷಸ, ಹುಲಿ, ಜಿಂಕೆ, ನವಿಲು, ಬದನೆಕಾಯಿ, ಏನು ಕೇಳಿದರೂ ಸಿಗುತ್ತಿತ್ತು. ಅವರ ತಂದೆ ದರ್ಜಿಯಾಗಿದ್ದವರು ಕಟ್ಟಿದ ಅಂಗಡಿ. ತಂದೆ ತೀರಿಕೊಂಡ ಮೇಲೆ ಭಾಯಿಯೂ ಅವರ ಅಕ್ಕನೂ ಸೇರಿ ನಡೆಸುತ್ತಿದ್ದರು. ಭಾಯಿ ಮೆಲ್ಲಗೆ, ಒಂದೊಂದೇ ಮಾತನ್ನು ಜೋಡಿಸಿಟ್ಟಂತೆ ಮಾತಾಡುವವರು.

"ಡ್ರೆಸ್ಸು, ಗಿರಾಕಿ, ವಾಪಸ್ ಬಂತಾ ಇಲ್ವಾ. ಅಷ್ಟೇನೆ ಮೇಡಂ. ಸ್ಕೂಲ್ ಡೇ ಸೀಜನ್ ಒಳಗೆ ಆಗ್ಬೇಕು. ಆದ್ರೆ ಎರಡು ಮಾಡ್ಕೊಡಿ. ಶಿವಾಜಿನಗರದ್ದು ಒಂದು, ಕಮ್ಮನಹಳ್ಳೀಲಿ ನಾನು ಹೊಸ ಅಂಗಡಿ ಹಾಕ್ತಾ ಇದೀನಿ, ಅದರದ್ದು ಒಂದು. ಮಾಲೆಲ್ಲ ಅರ್ಧರ್ಧ."

"ಯಾವ ಅರ್ಧ ಯಾರಿಗೆ ಅಂತ ಯಾರು ಹೇಳ್ತಾರೆ?" ಅಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಕಂಪ್ಯೂಟರ್ರೇ ಹೇಳ್ಲಿ. ಅದಕ್ಕೆ ಅಕ್ಕ ಇಲ್ಲ, ತಂಗಿ ಇಲ್ಲ."

ಬಾಸಿನ ಮುಖ ಅರಳಿತ್ತು. ಒಂದು ಕೆಲಸ ಹುಡುಕುತ್ತಿದ್ದವರಿಗೆ ಎರಡು ಸಿಕ್ಕಿತ್ತು. ಅಕ್ಕ ಮಾತ್ರ ಅಂದು ಊಟದ ಡಬ್ಬಿಯನ್ನು ಮುಚ್ಚಿಟ್ಟು, "ನಡಿ ಮಗಾ, ಅಂಗಡಿ ನೋಡ್ಕೊಂಡು ಬರೋಣ" ಎಂದು ನನ್ನನ್ನು ಎಬ್ಬಿಸಿದರು.

ಶಿವಾಜಿನಗರದ ಆ ಗಲ್ಲಿಯಲ್ಲಿ ಅಂಗಡಿ ಒಂದು ಕೋಣೆಯಷ್ಟೇ ಅಗಲ, ಆದರೆ ಎತ್ತರಕ್ಕೆ ಮೂರು ಮಹಡಿ. ಕೆಳಗೆ ಭಾಯಿಯ ಬುಕಿಂಗ್ ಮೇಜು. ಮಧ್ಯದ ಮಹಡಿಯ ತುಂಬ ಸಾಲಾಗಿ ತೂಗುಹಾಕಿದ ಮೈಗಳು, ಬಾಲಗಳು, ರೆಕ್ಕೆಗಳು. ಮೇಲಿನ ಮಹಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಆಪಾ, ಭಾಯಿಯ ಅಕ್ಕ. ಸುತ್ತ ಗೋಡೆಯ ಹಲಗೆಗಳ ಮೇಲೆ ಸಾಲುಸಾಲು ತಲೆಗಳು: ಹುಲಿ, ಕರಡಿ, ಕೋತಿ. ಎಲ್ಲವೂ ನಮ್ಮನ್ನೇ ನೋಡುತ್ತಿದ್ದವು.

ಆಪಾ, ಭಾಯಿ ಒಬ್ಬರೊಡನೊಬ್ಬರು ಮಾತು ಬಿಟ್ಟು ವರ್ಷವಾಗಿತ್ತು. ಅದು ತಿಳಿಯುವುದಕ್ಕೆ ನಮಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಕೆಳಗಿರೋರಿಗೆ ಹೇಳಿ, ಹುಲಿ ಅಂದ್ರೆ ಒಂದು ಐಟಂ ಅಲ್ಲ. ತಲೆ, ಮೈ, ಬಾಲ, ಕೈಗವಸು, ಎಲ್ಲ ಬೇರೆ ಬೇರೆ" ಎಂದರು ಆಪಾ. ಅಕ್ಕ ಕೆಳಗಿಳಿದು ಹೇಳಿದರು. "ಮೇಲಿರೋರಿಗೆ ಹೇಳಿ, ಗಿರಾಕಿ ಬಾಲ ಕೊಡಿ ಅಂತ ಯಾವತ್ತೂ ಕೇಳಲ್ಲ, ಹುಲಿ ಕೊಡಿ ಅಂತಾನೆ ಕೇಳೋದು" ಎಂದರು ಭಾಯಿ. ಅಕ್ಕ ಮತ್ತೆ ಹತ್ತಿದರು. ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಮಧ್ಯದ ಮಹಡಿಯಲ್ಲಿ ಬಾಲಗಳ ನಡುವೆ ಕುಸಿದು ಕೂತು ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಲು ಹೊರಟವರು ಕೈಗೆ ಸಿಕ್ಕ ಕೋತಿ ಬಾಲದಲ್ಲೇ ಒರೆಸಿಕೊಂಡರು.

ಆಪಾ ಚಹಾ ಮಾಡಿಕೊಟ್ಟು ತಾವಾಗಿಯೇ ಹೇಳಿದರು. ಹೊಸ ಅಂಗಡಿ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಈ ಗಲ್ಲಿಗೆ ಶಾಲೆಯ ವ್ಯಾನು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. "ಆದ್ರೆ ಬೋರ್ಡ್ ಬರೆಸ್ಬಿಟ್ಟ. ತೀರಿಹೋದ ಅಬ್ಬಾ ಹೆಸರಿದೆ, ಅವನ ಹೆಸರಿದೆ. ನಾನೆಲ್ಲಿ? ಚಿಕ್ಕವನಿದ್ದಾಗ ಇದೇ ಮೆಷಿನ್ ಕೆಳಗೆ ಮಲಗ್ತಿದ್ದ. ನಾನು ಪೆಡಲ್ ತುಳೀತಾ ಇದ್ರೇನೆ ಅವನಿಗೆ ನಿದ್ದೆ ಬರ್ತಿತ್ತು." ಅಷ್ಟು ಹೇಳಿ ಹುಲಿಯೊಂದರ ಕಿವಿಗೆ ಸೂಜಿ ಚುಚ್ಚಿದರು.

ಆಫೀಸಿಗೆ ಬಂದ ಅಕ್ಕ, "ಎರಡು ಡೇಟಾಬೇಸ್ ಮಾಡಲ್ಲ" ಅಂದರು.

ಬಾಸು ನಿಂತಲ್ಲೇ ಕೂತರು. "ಅಕ್ಕಾ, ಕ್ಲೈಂಟ್ ಬಾಯಿಬಿಟ್ಟು ಕೇಳ್ತಾ ಇದಾರೆ. ಅವ್ರ ಮನೆ ಜಗಳ ನಮಗೆ ಯಾಕೆ?"

"ಜಗಳ ನಮಗೆ ಬೇಡ. ಆದ್ರೆ ಹುಲೀನ ಎಲ್ಲಿ ಕತ್ತರಿಸ್ಲಿ ಹೇಳು? ತಲೆಗಳು ಆಯಮ್ಮನ ಹತ್ರ, ಗಿರಾಕಿಗಳು ಇವನ ಹತ್ರ. ಎರಡು ಮಾಡಿದ್ರೆ ಎರಡೂ ಓಡಲ್ಲ. ಸೀಜನ್ ಮಧ್ಯ ನಿನ್ನ ಕತ್ತಿನ ಪಟ್ಟಿ ಹಿಡೀತಾರೆ."

"ಬೇಡ ಅಂತ ಎದ್ದುಹೋದ್ರೆ?"

"ಹೋದ್ರೆ ನಾನೂ ಹೋಗ್ತೀನಿ ಬಿಡು" ಎಂದರು ಅಕ್ಕ. ನಗಲಿಲ್ಲ. ಅವರು ನಗದೆ ಮಾತಾಡಿದ್ದನ್ನು ನಾವು ನೋಡಿದ್ದು ಆಗಲೇ ಮೊದಲು. ಕೊನೆಗೆ ಬಾಸು, "ಒಂದು ಸಲ. ಒಂದೇ ಒಂದು ಸಲ ನಿಮ್ಮ ದಾರೀಲಿ ನೋಡೋಣ" ಅಂದರು.

ಅಕ್ಕನ ದಾರಿ ಹೀಗಿತ್ತು. ನಮ್ಮ ಆಫೀಸಿನದು ಕೆಂಪು ಗಾರೆಯ ನೆಲ. ಅಲ್ಲಿ ಸೀಮೆಸುಣ್ಣದಲ್ಲಿ ರಂಗೋಲಿ ಹಾಕುವ ಚಂದದಲ್ಲಿ ಚೌಕಗಳನ್ನು ಎಳೆಯುತ್ತಿದ್ದರು. ಒಂದು ಚೌಕ ಗಿರಾಕಿ, ಒಂದು ಚೌಕ ಮಾಲು, ಒಂದು ಬುಕಿಂಗ್. ನಮ್ಮನ್ನು ಅವುಗಳಲ್ಲಿ ನಿಲ್ಲಿಸಿ ಕ್ಲೈಂಟಿನ ಒಂದು ದಿನದ ವ್ಯವಹಾರವನ್ನು ಆಡಿಸುತ್ತಿದ್ದರು. ಎಲ್ಲಿ ಇಬ್ಬರು ಡಿಕ್ಕಿ ಹೊಡೆಯುತ್ತಾರೋ ಅಲ್ಲಿ ಯೋಜನೆ ತಪ್ಪಿದೆ ಎಂದು ಅರ್ಥ. ಈ ಸಲ ಭಾಯಿಗೂ ಆಪಾಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ಕಾಡಿನ ನೃತ್ಯಕ್ಕೆ ಬೇಕಾಗುವಷ್ಟು ಡ್ರೆಸ್ ತೆಗೆದುಕೊಂಡು ಬನ್ನಿ ಅಂದರು. ಇನ್ನೊಬ್ಬರೂ ಬರುತ್ತಾರೆಂದು ಇಬ್ಬರಿಗೂ ಹೇಳಿದರು. ಮುಚ್ಚಿಡಲಿಲ್ಲ. "ಮಾತಾಡ್ಬೇಕಾಗಿಲ್ಲ, ಬಂದು ನಿಂತ್ಕೊಂಡ್ರೆ ಸಾಕು" ಅಂದರು.

ಆಪಾ ಆಟೋದಲ್ಲಿ ಗಂಟುಗಳ ನಡುವೆ ಹುದುಗಿಕೊಂಡು ಬಂದರು. ಭಾಯಿ ಸ್ಕೂಟರಿನಲ್ಲಿ ಬಂದರು. ಆಪಾ ಮುಂದಿನ ಹಾಲ್‌ನಲ್ಲಿ ಕೂತರೆ ಭಾಯಿ ಹೋಗಿ ಅಡುಗೆಮನೆಯಲ್ಲಿ ನಿಂತರು. ಅಕ್ಕ ಅದನ್ನೇ ಹಿಡಿದುಕೊಂಡು, "ಹಾಲು ಶಿವಾಜಿನಗರ. ಅಡುಗೆಮನೆ ಕಮ್ಮನಹಳ್ಳಿ. ನಾನು ಹೆಡ್ ಮಿಸ್ಸು" ಅಂದರು. ಎರಡರ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಉಳಿದ ನಮಗೆಲ್ಲ ಡ್ರೆಸ್ ಹಂಚಿದರು. ನಾನು ನವಿಲು. ಇಬ್ಬರು ಡೆವಲಪರುಗಳು ಹುಲಿ. ಲೆಕ್ಕ ಬರೆಯುವ ಮೇಡಮ್ಮು ಮರ. ಬಾಸು ಎಷ್ಟು ಬೇಡವೆಂದರೂ ಬಿಡದೆ ಬದನೆಕಾಯಿ ತೊಡಿಸಿದರು.

"ಕಾಡಲ್ಲಿ ಬದನೆಕಾಯಿ ಎಲ್ಲಿರತ್ತೆ ಅಕ್ಕ?"

"ಗಿರಾಕಿ ಕೇಳಿದ್ರೆ ಇರತ್ತೆ."

ಆಟ ಶುರುವಾಯಿತು. ಹೆಡ್ ಮಿಸ್ಸು ಕಮ್ಮನಹಳ್ಳಿಗೆ ಹೋಗಿ ಹುಲಿ ಕೇಳಿದರು. ಭಾಯಿ ಮೈ ಕೊಟ್ಟರು. ತಲೆ ಶಿವಾಜಿನಗರದಲ್ಲಿತ್ತು. ತಲೆಯಿಲ್ಲದ ಹುಲಿ ಹಾಲಿಗೆ ಓಡಿತು. ಅಷ್ಟರಲ್ಲಿ ಶಿವಾಜಿನಗರದಿಂದ ತಲೆ ಹೊತ್ತ ಇನ್ನೊಂದು ಹುಲಿ ಬಾಲ ಹುಡುಕಿಕೊಂಡು ಅಡುಗೆಮನೆಗೆ ಬರುತ್ತಿತ್ತು. ತಲೆಯೊಳಗಿಂದ ಅದಕ್ಕೆ ದಾರಿ ಕಾಣುತ್ತಿರಲಿಲ್ಲ. ಎರಡೂ ಬಾಗಿಲಲ್ಲಿ ಡಿಕ್ಕಿ ಹೊಡೆದವು. ಬಿಡಿಸಲು ಹೋದ ಬಾಸು ತಾವೂ ಬಾಗಿಲಲ್ಲಿ ಸಿಕ್ಕಿಕೊಂಡರು. ಬದನೆಕಾಯಿಯ ಹೊಟ್ಟೆ ಬಾಗಿಲಿಗಿಂತ ಅಗಲವಿತ್ತು. ಹಿಂದಿನಿಂದ ಹುಲಿಗಳು ತಳ್ಳಿದವು, ಮುಂದಿನಿಂದ ಮರ ಎಳೆಯಿತು. ನನ್ನ ಗರಿಗಳು ಫ್ಯಾನಿಗೆ ತಗುಲಿ ಹಾರಿದವು. ಸದ್ದಿಗೆ ಕೆಳಗಿನ ಅಜ್ಜಿ ಮೇಲೆ ಬಂದು, ನೋಡಿ, ಒಂದು ಕುರ್ಚಿ ಎಳೆದುಕೊಂಡು ಕೂತರು.

ಅಕ್ಕನಿಗೆ ಉಸಿರು ಸಿಗುತ್ತಿರಲಿಲ್ಲ. ಆದರೂ ಆಟ ನಿಲ್ಲಿಸಲಿಲ್ಲ. ಒಂದು ಹುಲಿ ತಲೆಯನ್ನು ಭಾಯಿಯ ಕೈಗೆ ತುರುಕಿ, "ವಾಪಸ್ ತಂದಿದೀವಿ ಸಾರ್. ನಮ್ಮ ಮಗು ಇದರೊಳಗೆ ವಾಂತಿ ಮಾಡ್ಬಿಡ್ತು, ದವಡೆ ಹರಿದೋಗಿದೆ. ನಾಳೆ ಬೇರೆ ಸ್ಕೂಲಿಗೆ ಬೇಕಂತೆ. ಹೊಲಿಯೋರು ಎಲ್ಲಿದಾರೆ?" ಅಂದರು. ಭಾಯಿ ನಮ್ಮ ಅಕ್ಕನ ಕಡೆ ನೋಡಿ, "ಮೇಡಂ, ಹಾಲಲ್ಲಿರೋರಿಗೆ ಹೇಳಿ" ಎಂದು ಶುರುಮಾಡಿದರು.

"ಆಗಲ್ಲ ಭಾಯಿ. ಡೇಟಾಬೇಸ್ ಒಳಗೆ ನಾನಿರಲ್ಲ. ನೀವೇ ಹೇಳ್ಬೇಕು."

ಬದನೆಕಾಯಿ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. ಭಾಯಿ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಬಾಸಿನ ಹೊಟ್ಟೆಯ ಪಕ್ಕದ ಸಂದಿನಲ್ಲಿ ಅಡ್ಡವಾಗಿ ನುಸುಳಿ ಹಾಲಿಗೆ ಬಂದರು. ಸೀಮೆಸುಣ್ಣದ ಗೆರೆಯ ಮೇಲೆ ನಿಂತರು. ಅವರ ಕತ್ತಿನ ನರ ಎದ್ದು ಕಾಣುತ್ತಿತ್ತು. ನನಗೆ ಅವರು ತಲೆಯನ್ನು ಎಸೆದು ಹೊರಟೇಬಿಡುತ್ತಾರೆ ಅನ್ನಿಸಿತು. ಬಾಸಿಗೂ ಅನ್ನಿಸಿರಬೇಕು, ಕಣ್ಣು ಮುಚ್ಚಿಕೊಂಡಿದ್ದರು.

"ಆಪಾ," ಅಂದರು ಭಾಯಿ. "ದವಡೆ ಹರಿದಿದೆ."

ಆಪಾ ತಲೆಯನ್ನು ಕಿತ್ತುಕೊಂಡು, ತಿರುಗಿಸಿ ಒಳಗೆ ನೋಡಿದರು. ಅದು ನಿಜವಾಗಿಯೂ ಹರಿದಿತ್ತು. "ಕಿತ್ತಾ ಬಾರ್ ಬೋಲ್ನಾ ರೇ ತೇರೇಕು?" ಎಂದು ಗುಡುಗಿದರು. ಎಷ್ಟು ಸಲ ಹೇಳಬೇಕೋ ನಿನಗೆ, ತಲೆಯನ್ನು ಹಲ್ಲು ಹಿಡಿದು ಎತ್ತಬಾರದು, ಕತ್ತು ಹಿಡಿದು ಎತ್ತಬೇಕು ಎಂದು ಬೈಗುಳ ಸುರಿಯಿತು. ಒಂದು ವರ್ಷದ್ದೆಲ್ಲ ಒಟ್ಟಿಗೆ ಬಂತು. ಬೋರ್ಡು ಬಂತು, ಅಬ್ಬಾ ಬಂದರು, ಈದ್ ದಿನ ಕೆಳಗಿನಿಂದಲೇ ಸಲಾಮ್ ಕಳಿಸಿದ್ದು ಬಂತು. ಭಾಯಿ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು, ಮತ್ತೆ ನಗುತ್ತಿದ್ದರು. "ಇನ್ನೂ ಬೈ ಆಪಾ, ಬೈ" ಅನ್ನುತ್ತಿದ್ದರು. ಆಪಾ ಬೈಯುತ್ತಲೇ ಅವರ ತಲೆಗೆ ಹುಲಿ ತಲೆಯಿಂದ ಒಂದು ಬಿಟ್ಟರು. ಅಜ್ಜಿ ಚಪ್ಪಾಳೆ ತಟ್ಟಿದರು. ಆಗ ಎದ್ದ ನಗುವಿಗೆ ಬದನೆಕಾಯಿ ತಾನಾಗಿಯೇ ಬಾಗಿಲಿಂದ ಕಿತ್ತುಕೊಂಡು ಬಂದು ನನ್ನ ಮೇಲೆ ಬಿತ್ತು.

ನೆಲದ ಮೇಲೆ ಬಿದ್ದುಕೊಂಡೇ ನಾನು ಅಕ್ಕನನ್ನು ಹುಡುಕಿದೆ. ಅವರು ಎಲ್ಲರಿಗೂ ಬೆನ್ನು ಮಾಡಿ, ಎರಡು ಅಂಗಡಿಗಳ ನಡುವಿನ ಸೀಮೆಸುಣ್ಣದ ಗೆರೆಯನ್ನು ಕಾಲಿನಿಂದ ಒರೆಸುತ್ತಿದ್ದರು. ಮೂಗು ಕೆಂಪಾಗಿತ್ತು.

ಕೆಲಸ ಆಯಿತು. ಡೇಟಾಬೇಸ್ ಒಂದೇ, ಅಂಗಡಿ ಎರಡು. ಹುಲಿ ಕೇಳಿದರೆ ತಲೆ, ಮೈ, ಬಾಲ, ಕೈಗವಸು ಎಲ್ಲೆಲ್ಲಿವೆ ಎಂದು ಎರಡು ಕಡೆಯೂ ಕಾಣುತ್ತಿತ್ತು. ಮಾಲನ್ನು ಅರ್ಧ ಮಾಡುವುದು ನಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಕ್ಕ ಕರಾರಿನಲ್ಲೇ ಬರೆಸಿದರು. ಹಾಗೆಂದು ಆಪಾ, ಭಾಯಿ ಹಾಲುಸಕ್ಕರೆಯಂತೇನೂ ಆಗಲಿಲ್ಲ. ಈಗ ನೇರವಾಗಿ, ಫೋನಿನಲ್ಲಿ, ದಿನಕ್ಕೆ ನಾಲ್ಕಾರು ಸಲ ಜಗಳವಾಡುತ್ತಿದ್ದರು. ಬೋರ್ಡನ್ನು ಹೊಸದಾಗಿ ಬರೆಸಿದರು. ಆಪಾ ತಮ್ಮ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿಸಿಕೊಂಡರು.

ಆ ಸೀಜನ್ನಿನಲ್ಲಿ ಕೆ.ಆರ್. ಪುರದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಆಪಾ ನಮ್ಮನ್ನೂ ಕರೆದರು. ಅಕ್ಕ ಮದುವೆಗೆ ಹೊರಟವರಂತೆ ಮಾವಿನ ಹಸಿರಿನ ರೇಷ್ಮೆ ಸೀರೆ ಉಟ್ಟು ಬಂದರು. ಮೈದಾನದ ತುಂಬ ಅಪ್ಪ ಅಮ್ಮಂದಿರು, ಎತ್ತಿ ಹಿಡಿದ ಫೋನುಗಳು. ಕಾಡಿನ ನೃತ್ಯದ ಸರದಿ ಬಂತು. ವೇದಿಕೆಯ ಪಕ್ಕದಲ್ಲಿ ಹುಲಿಗಳು ಸಾಲು ನಿಂತಿದ್ದವು. ಎಲ್ಲಕ್ಕೂ ತಲೆಯಿತ್ತು, ಬಾಲವಿತ್ತು. ತೀರ ಪುಟ್ಟದೊಂದು ಹುಲಿ ಮಾತ್ರ, ಎಲ್‌ಕೆಜಿಯ ಹುಡುಗಿ, ಜನವನ್ನು ನೋಡಿ ಹೆದರಿ ನೆಲಕ್ಕೆ ಕೂತು, "ನಾನ್ ಹೋಗಲ್ಲ" ಎಂದು ಅಳತೊಡಗಿತು. ಮಿಸ್ಸು ಬೇಡಿಕೊಂಡರು. ಆಪಾ ಬಾಲ ನೇವರಿಸಿದರು. ಭಾಯಿ ಚಾಕೊಲೇಟ್ ತೋರಿಸಿದರು. ಏನೂ ನಡೆಯಲಿಲ್ಲ. ಸಂಗೀತ ಆಗಲೇ ಶುರುವಾಗಿತ್ತು.

ಅಕ್ಕ ಮುಂದೆ ಹೋಗಿ ಅದರ ಎದುರು ಕುಕ್ಕರಗಾಲಲ್ಲಿ ಕೂತರು. "ನಂಗೂ ಭಯ ಕಣೆ. ಇಬ್ರೂ ಹೋಗೋಣ್ವಾ? ಮೆಟ್ಲು ತನಕ ಅಷ್ಟೇ."

ಹುಲಿ ಯೋಚಿಸಿ ಪಂಜ ಕೊಟ್ಟಿತು. ಮೆಟ್ಟಿಲಿನ ತನಕ ಹೋದರು. ಅಲ್ಲಿಂದ ವೇದಿಕೆಯ ಅಂಚಿನ ತನಕ. ಅಲ್ಲಿ ಅಕ್ಕ ಕೈ ಬಿಡಿಸಿಕೊಳ್ಳಲು ನೋಡಿದರು, ಹುಲಿ ಬಿಡಲಿಲ್ಲ. ಹಿಂದಿನ ಹುಲಿಗಳು ನುಗ್ಗಿ ಬಂದವು. ನೋಡನೋಡುತ್ತ ಅಕ್ಕ ದೀಪಗಳ ಕೆಳಗೆ, ನಟ್ಟನಡುವೆ, ರೇಷ್ಮೆ ಸೀರೆಯಲ್ಲಿ ನಿಂತಿದ್ದರು.

ಒಂದು ಗಳಿಗೆ ನಮ್ಮ ಕಡೆ ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಹುಲಿಗಳು ಬಲಕ್ಕೆ ಹಾರಿದರೆ ಅಕ್ಕ ಎಡಕ್ಕೆ ಹಾರಿದರು. ಹುಲಿಗಳು ಕೂತಾಗ ಎದ್ದರು, ಘರ್ಜಿಸಿದಾಗ ಎಲ್ಲರಿಗಿಂತ ಜೋರಾಗಿ ಘರ್ಜಿಸಿದರು. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಸಿಳ್ಳೆ ಹೊಡೆಯಿತು. ಬಾಸು ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ಆಪಾ ನಕ್ಕು ನಕ್ಕು ನಿಲ್ಲಲಾರದೆ ತಮ್ಮನ ಭುಜಕ್ಕೆ ಒರಗಿದ್ದರು.

ಪುಟ್ಟ ಹುಲಿಯ ಅಳು ಯಾವಾಗಲೋ ನಿಂತಿತ್ತು. ಅದೀಗ ತಲೆಯನ್ನು ಹಿಂದಕ್ಕೆ ಸರಿಸಿಕೊಂಡು, ಬಾಯಿ ತೆರೆದು ಅಕ್ಕನನ್ನೇ ನೋಡುತ್ತ ಕುಣಿಯುತ್ತಿತ್ತು. ಪರದೆ ಬೀಳುವ ಹೊತ್ತಿಗೆ ಅದರ ಕೈ ಸಡಿಲಾಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅಕ್ಕ ಮಾತ್ರ ಹಿಡಿದೇ ಇದ್ದರು.